ಎರಡು ಸೇರು ಬೇಳೆಯ ಪಾಠ

ನವುಲೆ, ಶಿವಮೊಗ್ಗ
7 ಜುಲೈ 2008

ಹಾಲಮ್ಮ ಟೀಚರ್ ಅವರಿಗೆ ನಮಸ್ಕಾರ.

ಈ ಲಕೋಟೆಯಲ್ಲಿ ಒಂದು ಬೆಂಕಿಪೊಟ್ಟಣ ಇದೆ. ಅದರೊಳಗೆ ಹತ್ತಿ ಸುತ್ತಿದ ಪೆನ್‌ಡ್ರೈವ್, ಅದರೊಳಗೆ ನಿಮ್ಮ ಆರನೇ ತರಗತಿಗೆ ನಾನು ಮಾಡಿದ ನಾಲ್ಕು ಗಣಿತದ ಪಾಠಗಳು. ಗಾಂಧಿ ಬಜಾರಿನ ಮಲ್ಲಿಕ್ ಅವರ ಅಂಗಡಿ ವ್ಯಾನು ವಾರವಾರ ಭದ್ರಾವತಿಗೆ ಬರುತ್ತದೆ. ಶಾಲೆಯ ಬಾಗಿಲಿಗೇ ತಂದುಕೊಡುತ್ತೇನೆ ಎಂದಿದ್ದಾರೆ. ನಿಮ್ಮಲ್ಲಿ ಇಂಟರ್‌ನೆಟ್ ಇದ್ದಿದ್ದರೆ ಈ ಓಡಾಟವೆಲ್ಲ ಬೇಕಿರಲಿಲ್ಲ. ಆದರೆ ಪತ್ರ ಬರೆಯುವ ನೆಪವೂ ಸಿಗುತ್ತಿರಲಿಲ್ಲ.

ನಮ್ಮ ಟ್ರಸ್ಟ್ ಕೊಟ್ಟ ಆ ಪುಟ್ಟ ಲ್ಯಾಪ್‌ಟಾಪ್‌ಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾವುದಾದರೂ ಒಂದಕ್ಕೆ ಪಾಠ ಹಾಕಿದರೆ ಸಾಕು, ಪಕ್ಕದಲ್ಲಿಟ್ಟ ಉಳಿದವು ತಂತಿಯಿಲ್ಲದೆ ಒಂದರಿಂದ ಒಂದು ಪಡೆದುಕೊಳ್ಳುತ್ತವೆ. ತೊಂದರೆ ಎಂದರೆ ಅವುಗಳಲ್ಲಿ ಜಾಗ ಬಹಳ ಕಡಿಮೆ. ಮಕ್ಕಳು ಸುಮ್ಮನೆ ತೆಗೆದ ಫೋಟೋ, ಧ್ವನಿ ಎಲ್ಲ ತುಂಬಿಕೊಂಡಿದ್ದರೆ ಪಾಠ ಕೂರುವುದಿಲ್ಲ. ಆದ್ದರಿಂದ ಹೊಸ ಪಾಠ ಹಾಕುವ ಮುಂಚೆ ಹಳೆಯದನ್ನೆಲ್ಲ ಅಳಿಸಿಬಿಡಿ. ಇದೊಂದು ನಿಯಮ ದಯವಿಟ್ಟು ತಪ್ಪಿಸಬೇಡಿ.

ನಾನು ಓದಿದ್ದು ಇಂಗ್ಲಿಷಿನಲ್ಲಿ, ಹದಿನೈದು ವರ್ಷ ಗಣಿತ ಕಲಿಸಿದ್ದೂ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಪಾಠ ಹೇಳುವುದು ಇದೇ ಮೊದಲು. ಮಕ್ಕಳು ಏನೆಂದರು ಎಂಬುದನ್ನು ಮುಚ್ಚಿಡದೆ ಬರೆಯಿರಿ. ನನಗೆ ಹೊಗಳಿಕೆಗಿಂತ ನಿಜ ಬೇಕು.

ಇಂತಿ,
ಉಮಾಮಹೇಶ್ವರಿ


ಭದ್ರಾವತಿ
14 ಜುಲೈ 2008

ಉಮಾ ಮೇಡಂ ಅವರಿಗೆ ಹಾಲಮ್ಮ ಮಾಡುವ ನಮಸ್ಕಾರಗಳು.

ನಿಜ ಬೇಕು ಅಂದಿದ್ದೀರಿ, ಬೇಜಾರು ಮಾಡ್ಕೋಬಾರದು. ನಿಮ್ಮ ದನಿ ಬಂದ ಕೂಡಲೇ ಮಕ್ಕಳು ಎದ್ದು ನಿಂತರು. ಯಾಕ್ರೋ ಅಂದೆ. ರೇಡಿಯೋದಲ್ಲಿ ವಾರ್ತೆ ಓದೋರು ಬಂದಿದ್ದಾರೆ ಅಂತ ಒಬ್ಬ. ಪಾಠದಲ್ಲಿ ನೀವು ಹಣ್ಣಿನ ರಸಕ್ಕೂ ನೀರಿಗೂ ಅನುಪಾತ ಹೇಳಿದ್ರಲ್ಲ, ಇನ್ನೊಬ್ಬನಿಗೆ ಅನುಮಾನ. ರಸ ಇದ್ದ ಮೇಲೆ ನೀರು ಯಾಕೆ ಹಾಕ್ತಾರೆ ಟೀಚರ್ ಅಂದ. ನಾನು ಇಪ್ಪತ್ತಾರು ವರ್ಷದಿಂದ ಪಾಠ ಮಾಡ್ತಾ ಇದ್ದೀನಿ, ಇಂಥ ಪ್ರಶ್ನೆ ಕೇಳಿದ್ದು ಇದೇ ಮೊದಲು.

ಇವರಿಗೆ ಪಾಠ ಕೇಳೋದಕ್ಕಿಂತ ತಾವೇ ರೆಕಾರ್ಡ್ ಮಾಡೋದರ ಹುಚ್ಚು. ನಮ್ಮ ಬಿಸಿಯೂಟದ ಕಾಳಮ್ಮನ ಮಗಳು ಸುಪ್ರಿಯಾ ಇದೇ ಆರನೇ ಕ್ಲಾಸು. ಈ ಯಂತ್ರದ ಒಳಹೊರಗೆಲ್ಲ ಅವಳಿಗೆ ಗೊತ್ತು, ನನಗೂ ಅವಳೇ ಹೇಳಿಕೊಡೋದು. ಮೊನ್ನೆ ಲ್ಯಾಪ್‌ಟಾಪ್ ಹೊತ್ಕೊಂಡು ಅಡುಗೆ ಕೋಣೆಗೆ ಹೋಗಿ ಟಿವಿಯವರ ಥರ ಅವಳಮ್ಮನ್ನ ಪ್ರಶ್ನೆ ಕೇಳಿ ಬಂದಿದ್ದಾಳೆ. ಕಾಳಮ್ಮನ ಬಾಯಿ ನೀವು ಕೇಳಿಲ್ಲ. ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಕ್ಕಿತು. ಅದನ್ನ ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದೀನಿ, ನೀವೂ ನಗಲಿ ಅಂತ.

ಹಾಲಮ್ಮ


ನವುಲೆ
22 ಜುಲೈ 2008

ಪ್ರಿಯ ಹಾಲಮ್ಮನವರೇ,

ನಾನು ನಗಲಿಲ್ಲ. ಒಬ್ಬಳೇ ಕುಳಿತು ಮತ್ತೆ ಮತ್ತೆ ಕೇಳಿದೆ. ನಾನು ತಿಂಗಳುಗಟ್ಟಲೆ ಒದ್ದಾಡಿದ ಪಾಠ ಅಲ್ಲಿದೆ.

“ಸಾರು ಹೆಂಗೆ ಮಾಡ್ತೀರಿ ಹೇಳಿ” ಎಂದು ಮಗಳು ಕೇಳುತ್ತಾಳೆ. ಅಮ್ಮ ಹೇಳುತ್ತಾಳೆ: “ಹೆಂಗೆ ಅಂದ್ರೆ? ಮೂರು ಸೇರು ಬೇಳೆ ಹಾಕೋ ಕಡೆ ಎರಡು ಸೇರು ಹಾಕ್ತೀನಿ. ಉಳಿದಿದ್ದಕ್ಕೆ ಕುಂಬಳಕಾಯಿ, ನೀರು. ಚೆನ್ನಾಗಿ ಮಸೆದುಬಿಟ್ರೆ ಯಾವನಿಗೂ ಗೊತ್ತಾಗಲ್ಲ. ನಿಮ್ಮ ಮೇಷ್ಟ್ರೇ ಎರಡು ಸಲ ಹಾಕಿಸ್ಕೊಂಡ್ರು.”

ಎರಡಕ್ಕೆ ಮೂರು. ಇದಕ್ಕಿಂತ ಚೆಂದದ ಅನುಪಾತ ಯಾವ ಪುಸ್ತಕದಲ್ಲಿದೆ? ರಸಕ್ಕೆ ನೀರು ಯಾಕೆ ಎಂದು ಕೇಳಿದ ಹುಡುಗ ಇದಕ್ಕೆ ಹಾಗೆ ಕೇಳಲಾರ. ಈ ಮಾತನ್ನೇ ಇಟ್ಟುಕೊಂಡು ಐದು ಲೆಕ್ಕ ಮಾಡಿ ಹೊಸ ಪಾಠ ಕಟ್ಟಿದ್ದೇನೆ. ಶುರುವಿನಲ್ಲಿ “ಹೇಳಿದವರು: ಕಾಳಮ್ಮ, ಭದ್ರಾವತಿ” ಎಂದು ಹೆಸರೂ ಬರುತ್ತದೆ. ರೆಕಾರ್ಡಿಂಗ್ ಉದ್ದವಾಗಿತ್ತು. ನಡುವೆ ಪಾತ್ರೆ ಸದ್ದು, ಕೆಮ್ಮು, ಪಾಠಕ್ಕೆ ಸಂಬಂಧವಿಲ್ಲದ ಮಾತು. ಅವನ್ನೆಲ್ಲ ಕತ್ತರಿಸಿ ಚಿಕ್ಕದು ಮಾಡಿದೆ. ನೀವೂ ಹಾಕುವ ಮುಂಚೆ ಹಳೆಯದನ್ನು ಅಳಿಸುವುದು ಮರೆಯಬೇಡಿ.

ಟ್ರಸ್ಟಿನ ಲ್ಯಾಪ್‌ಟಾಪ್ ಇರುವ ಭದ್ರಾವತಿಯ ಇನ್ನೂ ಮೂರು ಶಾಲೆಗಳಿಗೂ ಇದನ್ನೇ ಕಳಿಸಿದ್ದೇನೆ. ನಿಮ್ಮ ಶಾಲೆಯ ಅಡುಗೆ ಕೋಣೆ ಈಗ ನಾಲ್ಕು ಶಾಲೆಗೆ ಪಾಠ ಹೇಳುತ್ತಿದೆ. ಕಾಳಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಉಮಾ


ಭದ್ರಾವತಿ
5 ಆಗಸ್ಟ್ 2008

ಉಮಾ ಮೇಡಂ ಅವರಿಗೆ,

ಪಾಠ ತಲುಪಿತು. ಸುಪ್ರಿಯಾ ತಾನೇ ಕೂತು ಹಳೆಯದನ್ನೆಲ್ಲ ಅಳಿಸಿ ಹೊಸದನ್ನ ಹಾಕಿದಳು. ಮಕ್ಕಳು ಲೆಕ್ಕಗಳನ್ನ ಬೇಗ ಮಾಡಿದರು.

ಬೇರೆ ಶಾಲೆಗಳಲ್ಲೂ ಹಾಕಿದ್ದಾರೆ ಅಂತ ಕೇಳಿದೆ. ನಮ್ಮ ಹೆಡ್‌ಮಾಸ್ಟರು ಕೊಟ್ರಬಸಪ್ಪನವರೂ ಒಂದು ದಿನ ಕ್ಲಾಸಿಗೆ ಬಂದು ಕೇಳಿಸ್ಕೊಂಡರು. ಇನ್ನೊಂದು ಸಲ ಹಾಕು ಅಂದರು.

ಇನ್ನು ಮುಂದೆ ಪಾಠದಲ್ಲಿ ಯಾರ ಹೆಸರೂ ಹಾಕೋದು ಬೇಡ ಮೇಡಂ. ಊರಿನ ಹೆಸರೂ ಬೇಡ. ಇದನ್ನೂ ಆದರೆ ತೆಗೆದುಬಿಡಿ. ಕಾಳಮ್ಮ ಅಂಥದ್ದನ್ನೆಲ್ಲ ಬಯಸೋಳಲ್ಲ.

ಇಲ್ಲಿ ಮಳೆ ಬಿಟ್ಟಿದೆ. ಬೇರೇನೂ ವಿಶೇಷ ಇಲ್ಲ.

ಹಾಲಮ್ಮ


ನವುಲೆ
13 ಆಗಸ್ಟ್ 2008

ಪ್ರಿಯ ಹಾಲಮ್ಮನವರೇ,

ನಿಮ್ಮ ಪತ್ರ ಈ ಸಲ ತೀರ ಚಿಕ್ಕದು. ಮೈಗೆ ಹುಷಾರಿಲ್ಲವೇ?

ಹೆಸರಿನ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಪುಸ್ತಕ ಬರೆದವರ ಹೆಸರು ರಟ್ಟಿನ ಮೇಲಿರುತ್ತದೆ, ಅಡುಗೆ ಮಾಡುವವಳ ಹೆಸರು ಯಾಕೆ ಇರಬಾರದು? ಬಯಸುವುದಿಲ್ಲ ಎನ್ನುವುದು ಅವಳ ಸಂಕೋಚ. ಸಂಕೋಚವನ್ನು ನಾವು ಗೌರವಿಸುತ್ತ ಹೋದರೆ ಇಂಥವರ ದನಿ ಎಂದಿಗೂ ಹೊರಗೆ ಬರುವುದಿಲ್ಲ ಅಲ್ಲವೇ? ಹೀಗೆ ಬರೆಯುವಾಗ ನಾನು ಭಾಷಣ ಮಾಡುತ್ತಿದ್ದೇನೆಯೇ ಎಂಬ ಅನುಮಾನ ನನಗೂ ಬರುತ್ತಿದೆ. ಆದರೂ ಇದು ಸರಿ ಎಂದೇ ಅನ್ನಿಸುತ್ತದೆ.

ಒಂದು ಸಂತೋಷದ ಸುದ್ದಿ. ಭಾನುವಾರ ಶಿವಮೊಗ್ಗದಲ್ಲಿ ಜಿಲ್ಲೆಯ ಗಣಿತ ಶಿಕ್ಷಕರು ಸೇರಿದ್ದರು. ಅಲ್ಲಿ ಈ ಪಾಠ ಹಾಕಿದೆ. ಜೋರಾಗಿ ಚಪ್ಪಾಳೆ ಬಿತ್ತು. ಪೆನ್‌ಡ್ರೈವ್ ತಂದವರಿಗೆಲ್ಲ ಅಲ್ಲೇ ಹಾಕಿಕೊಟ್ಟೆ. ಸಾಗರದವರು, ತೀರ್ಥಹಳ್ಳಿಯವರು, ಶಿಕಾರಿಪುರದವರು ಸಾಲು ನಿಂತಿದ್ದರು. ಸುಪ್ರಿಯಾಗೆ ಇದನ್ನು ತಪ್ಪದೆ ಹೇಳಿ.

ಉಮಾ


ಭದ್ರಾವತಿ
26 ಆಗಸ್ಟ್ 2008

ಮಾನ್ಯರೇ,

ತಮ್ಮಲ್ಲಿ ತಿಳಿಸುವುದೇನೆಂದರೆ, ನಮ್ಮ ಶಾಲೆಗೆ ನೀಡಿರುವ ಲ್ಯಾಪ್‌ಟಾಪ್‌ಗಳನ್ನು ಮುಖ್ಯೋಪಾಧ್ಯಾಯರ ಸೂಚನೆಯ ಮೇರೆಗೆ ಬೀರುವಿನಲ್ಲಿ ಇಡಲಾಗಿದೆ. ಮುಂದಿನ ಸೂಚನೆ ಬರುವವರೆಗೆ ಯಾವುದೇ ಪಾಠ ಕಳುಹಿಸಬಾರದಾಗಿ ಕೋರಿದೆ.

ತಮ್ಮ ವಿಶ್ವಾಸಿ,
ಹಾಲಮ್ಮ, ಸಹಶಿಕ್ಷಕಿ


ನವುಲೆ
2 ಸೆಪ್ಟೆಂಬರ್ 2008

ಹಾಲಮ್ಮನವರೇ,

ನಿಮ್ಮ ಕಾಗದ ಬಂದು ಕೆಲವು ದಿನವಾಯಿತು. ಸಿಟ್ಟು ಇಳಿಯಲಿ ಎಂದು ಸುಮ್ಮನಿದ್ದೆ. ಅದು ಇಳಿದ ಮೇಲೆ ಉಳಿದದ್ದು ಬರೀ ಬೇಸರ.

“ಮಾನ್ಯರೇ” ಎಂದು ಬರೆಯುವಂಥದ್ದು ನಮ್ಮ ನಡುವೆ ಏನಾಯಿತು? ಕೆಲಸ ಹೆಚ್ಚಾಯಿತು ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಇಪ್ಪತ್ತಾರು ವರ್ಷ ಕಲಿಸಿದವರಿಗೆ ಹೊರಗಿನವಳೊಬ್ಬಳು ಪಾಠ ಕಳಿಸುವುದು ಇಷ್ಟವಾಗದಿರಬಹುದು, ಅದನ್ನೂ ನೇರವಾಗಿ ಹೇಳಬಹುದಿತ್ತು. ಹೆಡ್‌ಮಾಸ್ಟರ ಹೆಸರು ಮುಂದೆ ಮಾಡಬೇಕಾಗಿರಲಿಲ್ಲ. ನಾನೇನೂ ನಿಮ್ಮ ಜಾಗಕ್ಕೆ ಬರಲು ಹೊರಟವಳಲ್ಲ.

ಬೀರುವಿನಲ್ಲಿಟ್ಟರೆ ಬ್ಯಾಟರಿ ಸಾಯುತ್ತದೆ. ಅಷ್ಟಾದರೂ ಅವರಿಗೆ ತಿಳಿಸಿ.

ಉಮಾಮಹೇಶ್ವರಿ


ಭದ್ರಾವತಿ
15 ಸೆಪ್ಟೆಂಬರ್ 2008

ಉಮಾ ಮೇಡಂ,

ಹೋದ ಕಾಗದ ಹೆಡ್‌ಮಾಸ್ಟರ ಟೇಬಲ್ ಮುಂದೆ ನಿಂತು ಬರೆದದ್ದು. ಅವರು ಓದಿ ಅಂಟಿಸಿ ಕಳಿಸಿದರು. ಇದನ್ನ ಮನೆಯಲ್ಲಿ ಕೂತು ಬರೀತಾ ಇದ್ದೀನಿ. ಮಲ್ಲಿಕ್ ಅವರ ವ್ಯಾನಿಗೆ ನಾನೇ ಬಸ್‌ಸ್ಟ್ಯಾಂಡ್ ಹತ್ತಿರ ಹೋಗಿ ಕೊಡ್ತೀನಿ.

ಕಾಳಮ್ಮನ್ನ ಕೆಲಸದಿಂದ ತೆಗೆದಿದ್ದಾರೆ. ಹೋದ ತಿಂಗಳು ಹದಿನೈದನೇ ತಾರೀಖು ಬಾವುಟ ಹಾರಿಸಿದ ಮಾರನೇ ದಿನವೇ.

ಪಾಠ ಬೇರೆ ಶಾಲೆಗೆ ಹೋಯಿತಲ್ಲ, ಅಲ್ಲಿ ಯಾವುದೋ ಮಗುವಿನ ತಂದೆ ಕೇಳಿಸ್ಕೊಂಡು ದೂರು ಕೊಟ್ಟ. ಮಕ್ಕಳ ಬೇಳೆ ಕದೀತಾರೆ ಅಂತ. ಅದು ಮೇಲಿಂದ ನಮ್ಮ ಹೆಡ್‌ಮಾಸ್ಟರ ತಲೆ ಮೇಲೆ ಬಂತು. ಅವರು ಲ್ಯಾಪ್‌ಟಾಪ್ ತರಿಸಿ ಪೋಷಕರ ಸಭೆಯಲ್ಲೇ ಹಾಕಿದರು. “ಕೇಳಿ, ಎರಡು ಸೇರು ಹಾಕ್ತೀನಿ ಅಂತ ಅವಳ ಬಾಯಲ್ಲೇ ಬಂದಿದೆ. ಯಾವನಿಗೂ ಗೊತ್ತಾಗಲ್ಲ ಅಂತಾನೂ ಅಂದಿದ್ದಾಳೆ. ಮಿಕ್ಕಿದ ಒಂದು ಸೇರು ಎಲ್ಲಿಗೆ ಹೋಯ್ತು?” ಅಂದರು. ಕಾಳಮ್ಮ ಅಲ್ಲೇ ನಿಂತಿದ್ದಳು. ಲ್ಯಾಪ್‌ಟಾಪಿಗೆ ಪಾಠ ಹಾಕಿದ ಮಗಳೂ ಅಲ್ಲೇ ಇದ್ದಳು.

ಮೇಡಂ, ಬೇಳೆ ನಮ್ಮ ಶಾಲೆಗೆ ಬರೋದೇ ಎರಡು ಸೇರಿನ ಲೆಕ್ಕದಲ್ಲಿ. ದಾರಿಯಲ್ಲಿ ಎಲ್ಲಿ ಹಗುರ ಆಗುತ್ತೆ ಅಂತ ನನ್ನ ಕೇಳಬೇಡಿ. ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನಿರೋದು ನಮಗೆ ಅಭ್ಯಾಸ. ನಾವು ನಕ್ಕಿದ್ದೂ ಅದಕ್ಕೇ. ನಿಮಗೆ ಮಾತ್ರ ಅದು ಲೆಕ್ಕದ ಹಾಗೆ ಕೇಳಿಸಿತು.

ಸಭೆಯ ನಡಾವಳಿಗೆ ನಾನೂ ಸಹಿ ಹಾಕಿದೆ. ನನಗಿನ್ನು ಆರು ವರ್ಷ ಸರ್ವೀಸಿದೆ.

ಆ ರೆಕಾರ್ಡಿಂಗ್ ನಾನೂ ಕೇಳಿದ್ದೀನಲ್ಲ. ಕಾಳಮ್ಮ ಮುಂದೆ ಇನ್ನೊಂದು ಮಾತು ಹೇಳಿದ್ದಳು, “ಬರೋದೇ ಎರಡು ಸೇರು ಕಣೇ, ಇನ್ನೊಂದು ನಾನೇನು ನಮ್ಮನೆಯಿಂದ ತರ್ಲಾ” ಅಂತ. ನಿಮ್ಮ ಪಾಠದಲ್ಲಿ ಆ ಮಾತಿಲ್ಲ. ಅದೊಂದು ಇದ್ದಿದ್ದರೆ ಅವಳ ಮೇಲೆ ಬರ್ತಿರಲಿಲ್ಲ. ನಮ್ಮಲ್ಲಿದ್ದ ಪೂರ್ತಿ ರೆಕಾರ್ಡಿಂಗನ್ನ ಸುಪ್ರಿಯಾ ಅಳಿಸಿಬಿಟ್ಟಿದ್ದಾಳೆ, ನಿಮ್ಮ ನಿಯಮ ಅಂತ ನಾನೇ ಅಳಿಸೋಕೆ ಹೇಳಿದ್ದು.

ಇಪ್ಪತ್ತೇಳನೇ ತಾರೀಖು ಬಿಸಿಯೂಟದ ಅಧಿಕಾರಿ ವಿಚಾರಣೆಗೆ ಬರ್ತಾರೆ. ಪೂರ್ತಿ ರೆಕಾರ್ಡಿಂಗ್ ನಿಮ್ಮ ಹತ್ತಿರ ಇರುತ್ತೆ. ಅಷ್ಟರೊಳಗೆ ಹೆಂಗಾದರೂ ಮಾಡಿ ಕಳಿಸಿಕೊಡಿ. ಕೈಮುಗಿದು ಕೇಳ್ತೀನಿ.

ಹಾಲಮ್ಮ


ನವುಲೆ
18 ಸೆಪ್ಟೆಂಬರ್ 2008

ಹಾಲಮ್ಮನವರೇ,

ನನ್ನ ಹಿಂದಿನ ಪತ್ರವನ್ನು ಹರಿದುಹಾಕಿ.

ಪೂರ್ತಿ ರೆಕಾರ್ಡಿಂಗ್ ನನ್ನ ಬಳಿ ಇಲ್ಲ. ಕತ್ತರಿಸಿದ್ದನ್ನು ಅದೇ ಹೆಸರಿನಲ್ಲಿ ಉಳಿಸಿದೆ, ಹಳೆಯದರ ಮೇಲೆ ಹೊಸದು ಕುಳಿತುಬಿಟ್ಟಿತು. ಪೆನ್‌ಡ್ರೈವನ್ನು ಪ್ರತಿ ಸಲ ಖಾಲಿ ಮಾಡಿಯೇ ಕಳಿಸುವುದು ನನ್ನ ಪದ್ಧತಿ. ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ ಎರಡು ದಿನ ಹುಡುಕಿಸಿದೆ. ಏನೋ ಚೂರುಗಳು ಸಿಕ್ಕವು, ಅವುಗಳಲ್ಲಿ ದನಿಯಿಲ್ಲ.

ಆ ಮಾತು ಪಾತ್ರೆ ಸದ್ದಿನ ನಡುವೆ ಇತ್ತು. ಕತ್ತರಿಸುವಾಗ ಕೇಳಿದ್ದು ನೆನಪಿದೆ. ಪಾಠಕ್ಕೆ ಸಂಬಂಧವಿಲ್ಲ ಅನ್ನಿಸಿತು. ನಾನು ಅವಳ ಲೆಕ್ಕ ಇಟ್ಟುಕೊಂಡು ಅವಳ ದೂರನ್ನು ತೆಗೆದುಹಾಕಿದೆ. ಇದನ್ನು ಎಷ್ಟು ಸಲ ಬರೆದರೂ ಬೇರೆ ರೀತಿಯಲ್ಲಿ ಬರೆಯಲಾಗುತ್ತಿಲ್ಲ.

ಜೊತೆಗೆ ಅಧಿಕಾರಿಗಳಿಗೆ ನನ್ನ ಹೇಳಿಕೆ ಇಟ್ಟಿದ್ದೇನೆ. ಕತ್ತರಿಸಿದವಳು ನಾನು, ಕಾಳಮ್ಮನ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ವಿಚಾರಣೆಯ ದಿನ ನಾನೂ ಬರಲೇ? ನೀವು ಹೇಳಿದಂತೆ ಮಾಡುತ್ತೇನೆ.

ಉಮಾ


ಭದ್ರಾವತಿ
30 ಸೆಪ್ಟೆಂಬರ್ 2008

ಉಮಾ ಮೇಡಂ,

ನೀವು ಬರಬೇಡಿ ಅಂತ ಮಲ್ಲಿಕ್ ಅವರ ಕೈಲಿ ಹೇಳಿ ಕಳಿಸಿದ್ದೆ. ನೀವು ಬಂದಿದ್ದರೆ ನಾನು ಏನೇನು ನಿಮಗೆ ಬರೆದಿದ್ದೀನಿ ಅಂತ ಅವರಿಗೆ ಅನುಮಾನ ಬರ್ತಿತ್ತು. ಇದೂ ನನ್ನ ಸ್ವಾರ್ಥವೇ.

ನಿಮ್ಮ ಹೇಳಿಕೆ ಅಧಿಕಾರಿ ಎಲ್ಲರ ಮುಂದೆ ಓದಿದರು. ಶುರುವಿನಲ್ಲಿ ಕಾಳಮ್ಮನ ಮುಖ ಸ್ವಲ್ಪ ಗೆಲುವಾಯಿತು. ನಡುವೆ ಒಂದು ಕಡೆ ನೀವು ಬರೆದಿದ್ದಿರಿ, “ನನಗೆ ನೆನಪಿರುವ ಮಟ್ಟಿಗೆ, ಬೇಳೆ ಕಡಿಮೆ ಸರಬರಾಜಾಗುತ್ತದೆ ಎಂಬ ಅರ್ಥ ಬರುವಂಥ ಮಾತು ಇದ್ದಿರಬೇಕು.” ಅವರು ಅಲ್ಲೇ ನಿಲ್ಲಿಸಿದರು. ನೆನಪಿರುವ ಮಟ್ಟಿಗೆ, ಇದ್ದಿರಬೇಕು, ಎರಡು ಸಲ ಓದಿದರು. “ಪಾಠ ಮಾಡಿದ ಮೇಡಮ್ಮಿಗೇ ಗ್ಯಾರಂಟಿ ಇಲ್ಲವಲ್ಲಪ್ಪ” ಅಂದರು. ಕೊಟ್ರಬಸಪ್ಪನವರು ನಕ್ಕರು.

ಇತ್ತು ಅಂತ ಬರೆದಿದ್ದರೆ ಸಾಕಿತ್ತು ಮೇಡಂ. ಇತ್ತು. ಅಷ್ಟೇ. ನಿಮ್ಮಂಥೋರು ಇತ್ತು ಅಂದರೆ ಇಲ್ಲ ಅನ್ನೋ ಧೈರ್ಯ ಅವರಿಗಿಲ್ಲ. ನಾನು ಎದ್ದು ಹೇಳಬಹುದಿತ್ತು, ನಾನೂ ಕೇಳಿದ್ದೀನಿ ಅಂತ. ಎದ್ದೆ. ನೀರು ಕುಡಿದು ಕೂತೆ.

ಆಮೇಲೆ ಕಾಳಮ್ಮನ್ನ ಕೇಳಿದರು, ಏನಮ್ಮಾ ಹೇಳ್ತೀಯ ಅಂತ. ಅವಳು “ನಾನು ತಮಾಷೆಗೆ ಅಂದಿದ್ದು, ಸಾರ್” ಅಂದಳು. ಅದನ್ನೂ ತಪ್ಪೊಪ್ಪಿಗೆ ಅಂತಲೇ ಬರೆದುಕೊಂಡರು.

ಹೊಸ ಅಡುಗೆಯವಳು ಬಂದಿದ್ದಾಳೆ. ಸಾರಿಗೆ ಈಗಲೂ ಎರಡೇ ಸೇರು. ಸುಪ್ರಿಯಾ ಶಾಲೆಗೆ ಬರ್ತಿಲ್ಲ. ಅವಳು ಬಾಗಿಲಿಗೆ ಬಂದರೆ ಸಾಕು, ಹುಡುಗರು ಅವಳಮ್ಮನ ದನಿ ಮಾಡಿ “ಯಾವನಿಗೂ ಗೊತ್ತಾಗಲ್ಲ” ಅಂತಿದ್ದರು. ಪಾಠ ಅವರಿಗೆ ಬಾಯಿಪಾಠ ಆಗಿದೆ. ಮನೆಗೆ ಹೋಗಿ ಕರೆದೆ. ಗೋಡೆ ಕಡೆ ತಿರುಗಿ ಕೂತಿದ್ದಳು.

ಹಾಲಮ್ಮ


ನವುಲೆ
19 ಅಕ್ಟೋಬರ್ 2008

ಹಾಲಮ್ಮನವರೇ,

ನೀವು ಬೇಡ ಎಂದರೂ ದಸರಾ ರಜೆಯಲ್ಲಿ ಬಸ್ಸು ಹತ್ತಿ ಭದ್ರಾವತಿಗೆ ಬಂದೆ. ಇಷ್ಟು ಹತ್ತಿರದ ಊರಿಗೆ ಮೊದಲೇ ಬಂದು ಆ ಅಡುಗೆ ಕೋಣೆಯಲ್ಲಿ ಒಂದು ದಿನ ಕುಳಿತಿದ್ದರೆ ಎಂದು ದಾರಿಯುದ್ದಕ್ಕೂ ಅನ್ನಿಸಿತು. ನಿಮಗೆ ತೊಂದರೆಯಾಗಬಾರದೆಂದು ನಿಮ್ಮ ಮನೆ ಕಡೆ ಬರಲಿಲ್ಲ. ಕಾಳಮ್ಮನ ಮನೆಗೆ ಹೋದೆ.

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿ ಎಂದೇ ಹೋಗಿದ್ದೆ ಎಂದು ಈಗ ತೋರುತ್ತದೆ. ಅವಳು ಚಾಪೆ ಹಾಕಿ “ಕೂತ್ಕಳಿ ಮೇಡಂ, ಬಿಸಿಲಲ್ಲಿ ಬಂದಿದ್ದೀರಿ” ಎಂದು ಟೀ ಮಾಡಿಕೊಟ್ಟಳು. ಈಗ ಮದುವೆಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸವಂತೆ. ಮದುವೆ ಇದ್ದ ದಿನ ಮಾತ್ರ. ಹೋದ ವಾರ ಶಿಕಾರಿಪುರದ ಕಡೆಯ ಬೀಗರು ಬಂದಿದ್ದರಂತೆ. ಇವಳು ಯಾರಿಗೋ ಏನೋ ಹೇಳಿದಾಗ ದನಿ ಗುರುತು ಹಿಡಿದು ಅವರಲ್ಲೊಬ್ಬ ಹುಡುಗಿ “ನೀವು ಎರಡು ಸೇರಿನ ಕಾಳಮ್ಮ ಅಲ್ವಾ, ನಮ್ಮ ಸ್ಕೂಲಲ್ಲಿ ನಿಮ್ಮ ಪಾಠ ಇದೆ” ಎಂದಳಂತೆ. ಪಾಪ, ಖುಷಿಯಿಂದಲೇ ಹೇಳಿರಬೇಕು. ಸ್ವಲ್ಪ ಹೊತ್ತಿಗೆ ಉಗ್ರಾಣದವರು ಬಂದು ಕಾಳಮ್ಮನ ಚೀಲ ಬಿಚ್ಚಿಸಿ ನೋಡಿದರಂತೆ.

ಶಿಕಾರಿಪುರದವರಿಗೆ ಕೊಟ್ಟದ್ದು ನಾನು. ಚಪ್ಪಾಳೆಯ ದಿನ.

ಕೆಲಸದ ಬಗ್ಗೆ ಮೇಲಿನವರಿಗೆ ಮತ್ತೆ ಬರೆಯುತ್ತೇನೆ ಎಂದೆ. ಅವಳು ಬೇಡವೆಂದು ಕೈಯಾಡಿಸಿದಳು. “ಕೆಲಸ ಹೋಗ್ಲಿ ಬಿಡಿ ಮೇಡಂ. ನನ್ನ ಮಾತು ಅದರೊಳಗೆ ಇರೋದು ಬೇಡ. ಎಲ್ಲಾ ಕಡೆಯಿಂದ ತೆಗೆಸ್ಬಿಡಿ. ಹಾಕಿದ್ದು ನೀವೇ ಅಲ್ವಾ, ತೆಗೆಯೋಕೂ ಬರುತ್ತೆ ನಿಮಗೆ.”

ಭದ್ರಾವತಿಯ ನಾಲ್ಕು ಶಾಲೆಗಳಿಂದ ತೆಗೆಸಬಲ್ಲೆ. ಅಂದು ಸಾಲು ನಿಂತವರ ಹೆಸರು ನನಗೆ ಗೊತ್ತಿಲ್ಲ. ಅವರು ಯಾರಿಗೆ ಕೊಟ್ಟರು, ಆ ಮಕ್ಕಳು ಯಾವ ಮಕ್ಕಳಿಗೆ ಕೊಟ್ಟರು, ಅದು ಯಾರಿಗೂ ಗೊತ್ತಿಲ್ಲ. ಒಂದು ಕಡೆ ಕುಳಿತು ಎಲ್ಲವನ್ನೂ ಅಳಿಸುವ ದಾರಿ ಈ ಕೆಲಸದಲ್ಲಿ ಇಲ್ಲ. ಹಂಚುವುದು ಸುಲಭವಾಗಲಿ ಎಂದೇ ಇದನ್ನೆಲ್ಲ ಹೀಗೆ ಮಾಡಿದ್ದು. ಇಷ್ಟನ್ನೂ ಅವಳಿಗೆ ಹೇಳಬೇಕಿತ್ತು. ಅಧಿಕಾರಿಗೆ ಬರೆಯುವಾಗ ಒಂದೊಂದು ಪದವನ್ನೂ ತೂಗಿ ನೋಡಿದವಳು ನಾನು.

“ಆಯ್ತು ಕಾಳಮ್ಮ, ತೆಗೆಸ್ತೀನಿ” ಎಂದೆ.

ಅವಳು ಒಳಗೆ ತಿರುಗಿ ಕೂಗಿದಳು. “ಕೇಳಿದ್ಯೇನೇ? ಮೇಡಂ ಎಲ್ಲಾ ತೆಗೆಸ್ತಾರಂತೆ. ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗ್ಬೇಕು ಮತ್ತೆ, ನೆವ ಹೇಳಂಗಿಲ್ಲ.”

ಸುಪ್ರಿಯಾ ಬಾಗಿಲ ತನಕ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ದನಿಯಿಂದ ದೊಡ್ಡವಳೆಂದು ತಿಳಿದಿದ್ದೆ, ಸಣ್ಣ ಹುಡುಗಿ. ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತ ಒಂದೇ ಪ್ರಶ್ನೆ ಕೇಳಿದಳು.

“ನೀವು ಕೊಟ್ಟೋರು ಇನ್ನೊಬ್ಬರಿಗೆ ಕೊಟ್ಟಿದ್ರೆ?”

ನಾನು ಟೀ ಲೋಟ ಕೆಳಗಿಟ್ಟೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು. ಕಾಳಮ್ಮ ಇನ್ನೊಂದು ಲೋಟ ಟೀ ಹಾಕಲೇ ಎಂದು ಕೇಳುತ್ತಿದ್ದಳು.

ಸೋಮವಾರ ಶಾಲೆ ತೆರೆಯುತ್ತದೆ ಎಂದು ತಿಳಿಯಿತು. ಸುಪ್ರಿಯಾ ಬಂದರೆ ಒಂದು ಸಾಲು ಬರೆಯಿರಿ. ಬರದಿದ್ದರೆ ಬರೆಯಬೇಡಿ.

ಉಮಾ


ನವುಲೆ
24 ನವೆಂಬರ್ 2008

ಹಾಲಮ್ಮನವರೇ,

ದೀಪಾವಳಿ ಕಳೆದು ಬಹಳ ದಿನವಾಯಿತು, ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ನಾನು ಕೇಳಿಕೊಂಡಂತೆಯೇ ನೀವು ನಡೆದುಕೊಂಡಿದ್ದೀರಿ.

ಉಮಾ